ನಡವಳಿ ಪುಸ್ತಕದಲ್ಲಿ ಇಲ್ಲದ ಮಾತು

ಚಿತ್ರದುರ್ಗದ ನಮ್ಮ ಕಾಲೇಜಿನಲ್ಲಿ ನಾನು 1987ರಿಂದ 1990ರವರೆಗೆ ಬಿ.ಎ. ಓದಿದೆ. ರಾಜ್ಯಶಾಸ್ತ್ರದ ಮೇಷ್ಟ್ರು ತರಗತಿಗೆ ಬರುವಾಗ ಅವರ ಕೈಯಲ್ಲಿ ಹೆಚ್ಚಾಗಿ ಇರುತ್ತಿದ್ದುದು ಪಠ್ಯಪುಸ್ತಕವಲ್ಲ, ಸಂವಿಧಾನ ರಚನಾ ಸಭೆಯ ಚರ್ಚೆಗಳ ಯಾವುದಾದರೊಂದು ಸಂಪುಟ. ದುರ್ಗದಲ್ಲಿ ವಕೀಲಿ ಮಾಡಿದ ನಿಜಲಿಂಗಪ್ಪನವರು ಆ ಸಭೆಯ ಸದಸ್ಯರಾಗಿದ್ದುದರಿಂದ ಆ ಚರ್ಚೆಗಳನ್ನು ಓದುವುದು ನಮ್ಮ ಊರಿನ ಮಕ್ಕಳ ಕರ್ತವ್ಯವೆಂದು ಅವರು ನಂಬಿದ್ದರು.

ಒಂದು ದಿನ ಅವರು ಕಪ್ಪುಹಲಗೆಯ ಮೇಲೆ ಎರಡು ಅಂಕಿ ಬರೆದರು: 7,635 ಮತ್ತು 2,473. ಕರಡು ಸಂವಿಧಾನಕ್ಕೆ ಸದಸ್ಯರು ಸೂಚಿಸಿದ್ದ ತಿದ್ದುಪಡಿಗಳು ಹೆಚ್ಚುಕಡಿಮೆ ಮೊದಲನೆಯ ಅಂಕಿಯಷ್ಟು, ಸಭೆಯಲ್ಲಿ ನಿಜಕ್ಕೂ ಮಂಡನೆಯಾದವು ಎರಡನೆಯದರಷ್ಟು ಎಂದು ಅಂಬೇಡ್ಕರ್ ಅವರು 1949ರ ನವೆಂಬರ್ 25ರ ಭಾಷಣದಲ್ಲಿ ಹೇಳಿದ್ದಾರೆ. "ಉಳಿದ ಐದು ಸಾವಿರ ಎಲ್ಲಿ ಹೋದವು?" ಎಂದು ಮೇಷ್ಟ್ರು ಕೇಳಿದರು. ನಮಗೆ ಉತ್ತರ ತಿಳಿದಿರಲಿಲ್ಲ. ಕಾಂಗ್ರೆಸ್ ಸದಸ್ಯರು ತಮ್ಮ ಪಕ್ಷದ ಸಭೆಯಲ್ಲಿ ವಿಧಿಗಳನ್ನು ಮೊದಲೇ ಚರ್ಚಿಸಿ ಒಮ್ಮತಕ್ಕೆ ಬರುತ್ತಿದ್ದರೆಂದೂ, ಆದ್ದರಿಂದ ಅಚ್ಚಾದ ಸಂಪುಟಗಳನ್ನಷ್ಟೇ ಓದಿ ಶಾಸನಸಭೆಯೊಂದನ್ನು ಅರಿತೆನೆಂದು ಹೇಳುವವನು ಅರ್ಧವನ್ನು ಮಾತ್ರ ಅರಿತಿರುತ್ತಾನೆಂದೂ ಅವರು ವಿವರಿಸಿದ ಆ ಗಂಟೆಯಲ್ಲಿಯೇ ನಾನು ಸಂಶೋಧನೆಯ ಹಾದಿ ಹಿಡಿದೆನೆಂದು ಈಗಲೂ ಭಾವಿಸುತ್ತೇನೆ.

ಅದು ಹಲವು ಹಳ್ಳಿಗಳಿಗೆ ಒಂದರಂತೆ ಇದ್ದ ಮಂಡಲ ಪಂಚಾಯತಿಗಳ ಕಾಲ. 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆದು, ಶೇ. 25ರಷ್ಟು ಸ್ಥಾನಗಳಲ್ಲಿ ಮಹಿಳೆಯರು ಬಂದು ಕುಳಿತಿದ್ದರು. ಮೇಷ್ಟ್ರು ನನ್ನನ್ನು ಊರಿನ ಹತ್ತಿರದ ಒಂದು ಮಂಡಲಕ್ಕೆ ಕಳುಹಿಸಿ, ಅದರ ಸಭೆಗಳಲ್ಲಿ ನಡೆದುದನ್ನು ದಾಖಲಿಸುವ ನಡವಳಿ ಪುಸ್ತಕ ಓದಿ ವರದಿ ಬರೆಯಲು ಹೇಳಿದರು. ನಾನು ಹದಿನೈದು ಪುಟ ಬರೆದೆ. ಅದರಲ್ಲಿ "ಕುಡಿಯುವ ನೀರಿನ ವಿಷಯ ಚರ್ಚಿಸಲಾಯಿತು" ಎಂಬ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು, ಮೇಷ್ಟ್ರು ಕೇಳಿದರು: "ನೋಡಮ್ಮ, ಚರ್ಚಿಸಲಾಯಿತು ಅಂತ ನೀನೂ ಬರೆದುಕೊಂಡು ಬಂದಿದ್ದೀಯ. ಯಾರು ಚರ್ಚಿಸಿದರು?"

ಮತ್ತೆ ಹೋದೆ. ಹಾಜರಾತಿಯಲ್ಲಿ ಹೆಬ್ಬೆಟ್ಟು ಒತ್ತಿದ್ದ ಒಬ್ಬ ಸದಸ್ಯೆಯ ಮನೆ ಹುಡುಕಿ ಜಗಲಿಯ ಮೇಲೆ ಕುಳಿತು ವಿಚಾರಿಸಿದಾಗ ಆಕೆಗೆ ಆಶ್ಚರ್ಯವಾಯಿತು. "ಮೂರು ಮೀಟಿಂಗ್‌ನಾಗೂ ಬೋರಿನ ಮಾತೇ ಆಡೀನಮ್ಮ, ಬರ್ಕಂಡಿಲ್ಲೇನು?" ಎಂದರು. ಬರೆದುಕೊಂಡಿರಲಿಲ್ಲ. ಪುಸ್ತಕವನ್ನೇ ನಂಬಿ, ಆ ಮಂಡಲದ ಮಹಿಳೆಯರು ಮೌನವಾಗಿದ್ದರೆಂದು ನನ್ನ ಮೊದಲ ವರದಿಯಲ್ಲಿ ಬರೆದಿದ್ದೆ. ಆ ತಪ್ಪಿನ ನಾಚಿಕೆ ಇಂದಿಗೂ ನನ್ನಲ್ಲಿದೆ.

ಮುಂದೆ ನಾನು ಲೋಕಸಭೆಯ ಪ್ರಶ್ನೋತ್ತರ ವೇಳೆಯ ಮೇಲೆ ಸಂಶೋಧನೆ ಮಾಡಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ದಿನವೊಂದಕ್ಕೆ ಅಂಥ 20 ಪ್ರಶ್ನೆಗಳು ಪಟ್ಟಿಯಲ್ಲಿರುತ್ತವೆ. ಆದರೆ ಒಂದು ಗಂಟೆಯೊಳಗೆ ಸರದಿ ಬಾರದವುಗಳಿಗೆ ಲಿಖಿತ ಉತ್ತರ ಮಾತ್ರ ದೊರೆಯುತ್ತದೆ. ಪಟ್ಟಿಯನ್ನು ಎಣಿಸಿದ ಸಂಶೋಧಕನಿಗೆ ಇಪ್ಪತ್ತೂ ಸಮಾನವಾಗಿ ಕಾಣುತ್ತವೆ. ಸರದಿ ಬಾರದ ಪ್ರಶ್ನೆಗಳಿಗೆ ನನ್ನ ಕೋಷ್ಟಕದಲ್ಲಿ ಬೇರೆಯೇ ಒಂದು ಅಂಕಣ ಮಾಡಿದೆ. ಮಾರ್ಗದರ್ಶಕರು ಅದರ ಅಗತ್ಯವೇನೆಂದು ಕೇಳಿದಾಗ ನನಗೆ ನೆನಪಾದುದು ಕೆಂಪು ಗೆರೆ ಎಳೆದಿದ್ದ ಆ ಪುಟ.

ಮಂಡಲಗಳು ಹೋಗಿ, 1993ರ ಕಾಯ್ದೆಯಿಂದ ಗ್ರಾಮ ಪಂಚಾಯತಿಗಳು ಬಂದವು. ಈಗಿನ ವಿದ್ಯಾರ್ಥಿಗಳಲ್ಲಿ ಯಾರಾದರೂ ದುರ್ಗದ ಸುತ್ತಲಿನ ಪಂಚಾಯತಿಗಳ ನಡವಳಿ ಓದಲು ಹೊರಡುವುದಾದರೆ, 1989ರಲ್ಲಿ ಬರೆದ ನನ್ನ ಎರಡೂ ವರದಿಗಳನ್ನು, ತಪ್ಪಿದ್ದ ಮೊದಲನೆಯದನ್ನೂ ಸೇರಿಸಿ, ಕಾಲೇಜಿನ ಗ್ರಂಥಾಲಯಕ್ಕೆ ಕೊಡಲು ಸಿದ್ಧಳಿದ್ದೇನೆ.