ಮಂಗಳೂರಿನ ಚಡಾವಿಗೆ ಒಂದೇ ಗೇರ್ ಸಾಕಾ? ಎಷ್ಟು ಹಲ್ಲು?

ನನ್ನ ಸಿಂಗಲ್ ಸ್ಪೀಡ್ ಸೈಕಲ್ ನೋಡಿದವರು ಮೊದಲು ಕೇಳುವುದು ಇದನ್ನೇ. "ಈ ಗುಡ್ಡದ ಊರಲ್ಲಿ ಒಂದೇ ಗೇರ್ ಸಾಕಾಗ್ತದಾ ಮಾರಾಯ್ರೆ?" ಸಾಕಾಗುತ್ತದೆ ಅಂದ ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತದೆ. "ಹಾಗಾದ್ರೆ ಮುಂದೆ ಎಷ್ಟು ಹಲ್ಲು, ಹಿಂದೆ ಎಷ್ಟು ಹಲ್ಲು ಹಾಕಿಸ್ಬೇಕು?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಂಗಳೂರು ಪೇಟೆಯೊಳಗೆ ದಿನಾ ಓಡಾಡುವುದಾದರೆ ಮುಂದೆ ಪೆಡಲಿನ ಹಲ್ಲುಚಕ್ರಕ್ಕೆ 42, ಹಿಂದಿನ ಹಲ್ಲುಚಕ್ರಕ್ಕೆ 18. ಮುಂದೆ ಈಗಾಗಲೇ 44 ಇದ್ದರೆ ಅದನ್ನು ಮುಟ್ಟಬೇಡಿ, ಹಿಂದಿನದನ್ನು ಮಾತ್ರ 18 ಮಾಡಿಸಿ. ಉಡುಪಿಯಿಂದ ಮಲ್ಪೆ ಕಡೆಗೆ, ಇಲ್ಲ ಸುರತ್ಕಲ್‌ನಿಂದ ಹೆದ್ದಾರಿಯಲ್ಲೇ ಹೋಗಿಬರುವವರಿಗೆ 44/17 ಚೆನ್ನಾಗಿರುತ್ತದೆ. ಯಾಕೆ ಅಂತ ಕೇಳುವವರಿಗಾಗಿ ಉಳಿದದ್ದು.

ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ. 42/18 ಅಂದರೆ 2.33. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ 2.33 ಸುತ್ತು ತಿರುಗುತ್ತದೆ. 700x28 ಟಯರ್‌ನ ಸುತ್ತಳತೆ ಸುಮಾರು 2.14 ಮೀಟರ್. ಅಂದರೆ ಪೆಡಲ್‌ನ ಒಂದು ಸುತ್ತಿಗೆ ಸೈಕಲ್ ಸುಮಾರು 5 ಮೀಟರ್ ಮುಂದೆ ಹೋಗುತ್ತದೆ. ಲೆಕ್ಕ ಬೇಡ ಅನ್ನುವವರು ಅಂಗಳದಲ್ಲೇ ಅಳೆಯಬಹುದು. ಮುಂದಿನ ಚಕ್ರ ನೆಲ ಮುಟ್ಟುವಲ್ಲಿ ಸುಣ್ಣದ ಗುರುತು ಹಾಕಿ, ಕೈಯಲ್ಲೇ ಪೆಡಲನ್ನು ಮೆಲ್ಲ ಒಂದು ಪೂರ್ತಿ ಸುತ್ತು ತಿರುಗಿಸಿ, ಸೈಕಲ್ ನಿಂತಲ್ಲಿ ಇನ್ನೊಂದು ಗುರುತು ಹಾಕಿ. ಎರಡರ ನಡುವಿನ ಅಳತೆಯೇ ನಿಮ್ಮ ಗೇರ್.

ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನೇ ಬೇರೆ ಲೆಕ್ಕದಲ್ಲಿ, ಗೇರ್ ಇಂಚು ಅಂತ ಬರೆದಿರುತ್ತಾರೆ. ಮುಂದೆ ಆಳೆತ್ತರದ ಚಕ್ರ ಇದ್ದ ಹಳೆಯ ಸೈಕಲ್‌ಗಳಲ್ಲಿ ಪೆಡಲ್ ಆ ಚಕ್ರಕ್ಕೇ ಕೂತಿತ್ತು. ಚಕ್ರದ ವ್ಯಾಸ ಎಷ್ಟು ಇಂಚೋ ಅದೇ ಗೇರ್. 42/18ನ್ನು 27 ಇಂಚಿನ ಚಕ್ರಕ್ಕೆ ಹಾಕಿದರೆ 63 ಇಂಚು ಬರುತ್ತದೆ. ನನಗೆ ಮೀಟರ್ ಲೆಕ್ಕವೇ ಸುಲಭ.

ಈಗ ಊರಿನ ವಿಷಯಕ್ಕೆ ಬರುತ್ತೇನೆ. ಅಂಗಡಿಯಿಂದ ಬರುವ ಹಲವು ಫಿಕ್ಸಿಗಳಲ್ಲಿ (ಚಕ್ರದ ಜೊತೆಗೇ ಪೆಡಲ್ ತಿರುಗುವ ಒಂದೇ ಗೇರಿನ ಸೈಕಲ್) 44/16 ಅಥವಾ 46/16 ಇರುತ್ತದೆ. ಅದು ಸಪಾಟು ಊರಿನ ಗೇರ್. 44/16ರಲ್ಲಿ ಒಂದು ಸುತ್ತಿಗೆ ಸುಮಾರು 5.9 ಮೀಟರ್. ಪಣಂಬೂರಿನ ರಸ್ತೆಯಲ್ಲಿ ಓಡಿಸಿದರೆ ಬಹಳ ಖುಷಿಯಾಗುತ್ತದೆ, ಒಪ್ಪುತ್ತೇನೆ. ಆದರೆ ಮಂಗಳೂರು ಮುರಕಲ್ಲಿನ ಗುಡ್ಡಗಳ ಮೇಲೆ ಕೂತ ಊರು. ಕುದ್ರೋಳಿ, ಬೋಳಾರ ತಗ್ಗಿನಲ್ಲಿವೆ. ಅಲ್ಲಿಂದ ಪೇಟೆಯ ಒಳಗೆ ಬರಬೇಕಾದರೆ ಎಲ್ಲೋ ಒಂದು ಕಡೆ ಹತ್ತಲೇಬೇಕು. ಹಂಪನಕಟ್ಟೆಯಿಂದ ಬಾವುಟಗುಡ್ಡೆ, ಆಚೆ ಕದ್ರಿ. ಮರವೂರು ಸೇತುವೆ ದಾಟಿ ಕೆಂಜಾರಿನಿಂದ ವಿಮಾನ ನಿಲ್ದಾಣದ ಗುಡ್ಡ ಹತ್ತುವುದಂತೂ ಬೇರೆಯೇ ಮಾತು.

ಚಡಾವಿನಲ್ಲಿ ವೇಗ ಗಂಟೆಗೆ 10 ಕಿ.ಮೀ.ಗೆ ಇಳಿಯಿತು ಅಂತಿಟ್ಟುಕೊಳ್ಳಿ. 44/16ರಲ್ಲಿ ಪೆಡಲ್ ನಿಮಿಷಕ್ಕೆ ಬರೀ 28 ಸುತ್ತು. 42/18ರಲ್ಲಿ 33. ಐದು ಸುತ್ತಿನ ವ್ಯತ್ಯಾಸ ಏನು ಮಹಾ ಅಂತ ಅನ್ನಿಸಬಹುದು. ಕಾಲಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಅದೇ ಏರನ್ನು 44/16ರಲ್ಲಿ ಹತ್ತಲು ಪ್ರತಿ ತುಳಿತಕ್ಕೂ ಸುಮಾರು ಶೇಕಡಾ 18ರಷ್ಟು ಜಾಸ್ತಿ ಒತ್ತಬೇಕು. ಆ ಒತ್ತಡವೆಲ್ಲ ಬೀಳುವುದು ಮಂಡಿಯ ಮೇಲೆ. ಬೆಳಿಗ್ಗೆ ಹೊಸ ಹುರುಪಿನಲ್ಲಿ ಇದು ಗೊತ್ತಾಗುವುದಿಲ್ಲ. ಸಂಜೆ ಕೆಲಸ ಮುಗಿಸಿ, ಬೆನ್ನಿಗೆ ಬ್ಯಾಗ್ ಹಾಕಿ, ಸೆಕೆಯಲ್ಲಿ ಬೆವರುತ್ತಾ ಮನೆಗೆ ಹೋಗುವಾಗ ಕೊನೆಗೊಂದು ಚಡಾವು ಸಿಗುತ್ತದಲ್ವಾ, ಗೇರ್ ಆರಿಸಬೇಕಾದದ್ದು ಅದಕ್ಕೆ. ಆ ಏರನ್ನು ಸೀಟಿನಲ್ಲಿ ಕೂತೇ ಹತ್ತಲು ಆದರೆ ನಿಮ್ಮ ಗೇರ್ ಸರಿಯಾಗಿದೆ.

ಕೂತೇ ಹತ್ತಬೇಕು ಅನ್ನುವುದಕ್ಕೆ ಇಲ್ಲಿ ಇನ್ನೊಂದು ಕಾರಣವೂ ಉಂಟು: ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ರಸ್ತೆ ಒಣಗುವುದೇ ಅಪರೂಪ. ಎದ್ದು ನಿಂತು ತುಳಿದಾಗ ಮೈಭಾರ ಮುಂದಕ್ಕೆ ಹೋಗುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಒದ್ದೆ ಕಾಂಕ್ರೀಟಿನ ಮೇಲೆ ಎಲೆ ಬಿದ್ದಿದ್ದರೆ, ಮೇಲಿನಿಂದ ಕೆಂಪು ಮಣ್ಣು ಹರಿದು ಬಂದಿದ್ದರೆ, ಜೋರಾಗಿ ಒತ್ತಿದ ಕೂಡಲೇ ಚಕ್ರ ಸುಮ್ನೆ ಜಾರಿ ತಿರುಗುತ್ತದೆ. ಹಿಂದೆಯೇ ಸಿಟಿ ಬಸ್ ಹಾರ್ನ್ ಹೊಡೆಯುತ್ತಿರುತ್ತದೆ. ಹಗುರ ಗೇರ್ ಇದ್ದರೆ ಕೂತು, ಒಂದೇ ಹದದಲ್ಲಿ ತುಳಿಯುತ್ತಾ ಎಡಬದಿಯಲ್ಲಿ ನೆಟ್ಟಗೆ ಹೋಗಬಹುದು.

"ಹಾಗಾದ್ರೆ ಸಪಾಟಿನಲ್ಲಿ ನಿಧಾನ ಆಗುದಿಲ್ವಾ?" 42/18ರಲ್ಲಿ ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 24 ಕಿ.ಮೀ., 90ಕ್ಕೆ 27. ಪೇಟೆಯೊಳಗೆ ಪಂಪ್‌ವೆಲ್‌ನಿಂದ ಜ್ಯೋತಿಗೆ ಇದಕ್ಕಿಂತ ಜಾಸ್ತಿ ವೇಗ ಯಾವ ಸೈಕಲ್ಲಿಗೂ ಬೇಕಾಗಿಲ್ಲ. ಕಾಲು ಬೇಗ ತಿರುಗಿಸುವುದು ಮೊದಲಿಗೆ ವಿಚಿತ್ರ ಅನ್ನಿಸುತ್ತದೆ, ಆಮೇಲೆ ಅದೇ ಅಭ್ಯಾಸವಾಗುತ್ತದೆ.

ಹೆದ್ದಾರಿಯವರ ಲೆಕ್ಕ ಬೇರೆ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ದಾರಿ ಹೆಚ್ಚು ಕಡಿಮೆ ಸಪಾಟು. 44/17ರಲ್ಲಿ 90 ಸುತ್ತಿಗೆ ಗಂಟೆಗೆ 30 ಕಿ.ಮೀ. ಸಿಗುತ್ತದೆ. ಅದಕ್ಕಿಂತ ಭಾರದ್ದು ಬೇಡ, ಮಧ್ಯಾಹ್ನದ ಮೇಲೆ ಕಡಲಿನ ಗಾಳಿ ಎದುರಾದರೆ ಸಪಾಟು ರಸ್ತೆಯೂ ಏರಿನ ಹಾಗೇ ಕಾಡುತ್ತದೆ.

ಕಷ್ಟ ಇರುವುದು ಉಡುಪಿಯವರಿಗೆ. ಮಲ್ಪೆ, ಕಲ್ಮಾಡಿ, ಆದಿಉಡುಪಿ ಎಲ್ಲ ಸಪಾಟು. ಕಲ್ಸಂಕದಿಂದ ಕಡಿಯಾಳಿ, ಇಂದ್ರಾಳಿ ದಾಟಿ ಮಣಿಪಾಲಕ್ಕೆ ಹೋಗಬೇಕು ಅಂದರೆ ಗುಡ್ಡ ಹತ್ತಬೇಕು. ಇಂಥವರು ಎರಡೂ ಬದಿಗೆ ಹಲ್ಲು ಕೂರಿಸಬಹುದಾದ ಫ್ಲಿಪ್-ಫ್ಲಾಪ್ ಹಬ್ ನೋಡಿ. ಒಂದು ಬದಿಗೆ 17, ಇನ್ನೊಂದು ಬದಿಗೆ 20. ಗುಡ್ಡದ ಬುಡದಲ್ಲಿ ಚಕ್ರ ಬಿಚ್ಚಿ ತಿರುಗಿಸಿ ಹಾಕಿದರಾಯಿತು. ಟೂರ್ ಡಿ ಫ್ರಾನ್ಸ್‌ನಲ್ಲಿ 1937ರಲ್ಲಿ ಗೇರ್ ಬದಲಿಸುವ ಡಿರೇಲರ್‌ಗೆ ಒಪ್ಪಿಗೆ ಸಿಗುವವರೆಗೂ ದೊಡ್ಡ ದೊಡ್ಡ ಸವಾರರು ಆಲ್ಪ್ಸ್ ಹತ್ತಿದ್ದು ಹೀಗೇ, ಇಳಿದು ಚಕ್ರ ತಿರುಗಿಸಿ ಹಾಕಿ. ಮಣಿಪಾಲಕ್ಕೆ ದಿನಾ ಹೋಗುವವರು ಮಾತ್ರ ಅದೆಲ್ಲ ಬಿಟ್ಟು 44/20 ಹಾಕಿಸಿಕೊಳ್ಳುವುದು ಒಳ್ಳೆಯದು.

ಫಿಕ್ಸೆಡ್ ಓಡಿಸುವವರಿಗೆ ಬೇರೆ ಮಾತು ಹೇಳಬೇಕು. ಅದರಲ್ಲಿ ಸೈಕಲ್ ಓಡುತ್ತಿರುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಹತ್ತಲು ಸುಲಭವಾದ ಗೇರ್ ಇಳಿಯುವಾಗ ಕಾಡುತ್ತದೆ. 42/18ರಲ್ಲಿ ಕದ್ರಿಯಿಂದ 35 ಕಿ.ಮೀ. ವೇಗದಲ್ಲಿ ಇಳಿದರೆ ಕಾಲು ನಿಮಿಷಕ್ಕೆ ಸುಮಾರು 117 ಸುತ್ತು ತಿರುಗಬೇಕು. ಆದ್ದರಿಂದ ಮುಂದಿನ ಬ್ರೇಕ್ ಬೇಕೇ ಬೇಕು. ಬ್ರೇಕ್ ಇಲ್ಲದ ಫಿಕ್ಸಿ ನೋಡಲು ಚೆಂದ ಅಂತ ಹುಡುಗರು ಹೇಳುತ್ತಾರೆ. ಮಂಗಳೂರಿನ ಇಳಿಜಾರಿನಲ್ಲಿ, ಅದೂ ಮಳೆಯಲ್ಲಿ, ದಯವಿಟ್ಟು ಬೇಡ. ಹಿಂದಿನ ಹಲ್ಲುಚಕ್ರಕ್ಕೆ ಎಡ ತಿರುಪಿನ ಲಾಕ್‌ರಿಂಗ್ ಇದೆಯಾ ಅಂತಲೂ ನೋಡಿ. ಅದಿಲ್ಲದಿದ್ದರೆ ಕಾಲಿನಿಂದ ತಡೆಯುವಾಗ ಹಲ್ಲುಚಕ್ರವೇ ಕಳಚಿಕೊಳ್ಳಬಹುದು.

ಫಿಕ್ಸೆಡ್‌ಗೆ ನಾನು ಹೇಳುವುದು 42/17. ಕಾಲು ಬಿಗಿಹಿಡಿದು ಹಿಂದಿನ ಚಕ್ರ ಜಾರಿಸಿ ನಿಲ್ಲಿಸುವವರ ಟಯರ್ ಎಲ್ಲಿ ಸವೆಯುತ್ತದೆ ಅನ್ನುವುದು ಈ ಭಾಗಾಕಾರದ ಮೇಲೇ ನಿಂತಿದೆ. 42/18ನ್ನು ಚಿಕ್ಕದು ಮಾಡಿದರೆ 7/3. ಯಾವಾಗಲೂ ಒಂದೇ ಕಾಲು ಮುಂದಿಟ್ಟು ಜಾರಿಸಿದರೆ ಟಯರ್ ಮೂರೇ ಜಾಗದಲ್ಲಿ ಸವೆಯುತ್ತದೆ. 48/16 ಆದರೆ ಒಂದೇ ಜಾಗ, ಟಯರ್ ಬೇಗ ತೂತು. 42/17 ಚಿಕ್ಕದಾಗುವುದಿಲ್ಲ, ಸವೆತ ಹದಿನೇಳು ಕಡೆ ಹಂಚಿಹೋಗುತ್ತದೆ. ತುಳಿಯಲು ಅದು 44/18ಕ್ಕಿಂತ ಕೂದಲೆಳೆಯಷ್ಟು ಭಾರ, ಅಷ್ಟೇ.

ಹಳಬರು ಇನ್ನೊಂದು ಮಾತು ಕೇಳುತ್ತಾರೆ. ಬುಟ್ಟಿ ಕಟ್ಟಿಕೊಂಡು ಮೀನು ಮಾರುವವರು ಒಂದೇ ಗೇರಿನಲ್ಲಿ ಊರೆಲ್ಲ ಸುತ್ತುತ್ತಿರಲಿಲ್ವಾ ಅಂತ. ಸುತ್ತುತ್ತಿದ್ದರು. ಚಡಾವು ಬಂದಾಗ ಇಳಿದು ದೂಡುತ್ತಿದ್ದರು. ಕೆಂಜಾರಿನಲ್ಲಿ ನೀವೂ ಇಳಿದು ದೂಡಿ, ಅದಕ್ಕೇನೂ ನಾಚಿಕೆ ಬೇಡ.

ಬದಲಿಸುವಾಗ ಹಿಂದಿನದನ್ನೇ ಬದಲಿಸಿ. ಹಿಂದೆ ಒಂದು ಹಲ್ಲು ಅಂದರೆ ಸುಮಾರು ಶೇಕಡಾ 6ರ ವ್ಯತ್ಯಾಸ. ಮುಂದೆ ಅಷ್ಟೇ ವ್ಯತ್ಯಾಸ ಬರಲು ಎರಡು ಮೂರು ಹಲ್ಲು ಬೇಕು. 16ರಿಂದ 18ಕ್ಕೆ ಹೋದರೆ ಹಿಂದಿನ ಚಕ್ರ ಸುಮಾರು 6 ಮಿ.ಮೀ. ಮುಂದೆ ಸರಿಯಬೇಕು. ಅಷ್ಟು ಜಾಗ ಇಲ್ಲದಿದ್ದರೆ ಚೈನಿಗೆ ಕೊಂಡಿ ಸೇರಿಸಬೇಕಾಗುತ್ತದೆ. ನಟ್ ಬಿಗಿ ಮಾಡಿದ ಮೇಲೆ ಚೈನಿನ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ ನೋಡಿ. ಎಲ್ಲ ಸೇರಿ ಅರ್ಧ ಇಂಚು ಆಡಿದರೆ ಸರಿ. 18 ಹಾಕಿಸಿ ಒಂದು ಮಳೆಗಾಲ ಓಡಿಸಿ. ಆಮೇಲೂ ತೀರಾ ಹಗುರ ಅನ್ನಿಸಿದರೆ 17ಕ್ಕೆ ಬನ್ನಿ.