ಹಳೇ ಜಾವಾ, ಮನೆಯ ಮಕ್ಕಳು: ಎಲ್ಲಿಂದ ಬಿಚ್ಚೋಕೆ ಶುರು ಮಾಡೋದು?

“ಅಪ್ಪನ ಕಾಲದ ಜಾವಾ ಬೈಕು ಕೊಟ್ಟಿಗೇಲಿ ನಿಂತು ಹದಿನೈದು ವರ್ಷ ಆಯ್ತು. ಮಗ ಹೈಸ್ಕೂಲು. ಇಬ್ಬರೂ ಸೇರಿ ಎಬ್ಬಿಸೋಣ ಅಂತಿದೀವಿ. ಎಲ್ಲಿಂದ ಬಿಚ್ಚೋಕೆ ಶುರು ಮಾಡೋದು?”

ಮಗನ ಜಾಗದಲ್ಲಿ ಕೆಲವೊಮ್ಮೆ ಮಗಳು ಇರುತ್ತಾಳೆ, ಜಾವಾ ಜಾಗದಲ್ಲಿ ಯೆಜ್ಡಿ. ಪ್ರಶ್ನೆ ಮಾತ್ರ ಇದೇ. ಮೈಸೂರು, ಮಂಡ್ಯದ ಕಡೆ ಇದು ಹೆಚ್ಚು ಕೇಳಿಬರುವುದರಲ್ಲಿ ಆಶ್ಚರ್ಯವಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರಲ್ಲಿ ಬಾಗಿಲು ಹಾಕುವ ತನಕ ಇಲ್ಲೇ ಗಾಡಿ ಮಾಡಿತು. ಹಾಗಾಗಿ ಹಟ್ಟಿಯ ಮೂಲೆಯಲ್ಲೋ ಹಿತ್ತಲಿನ ಷೀಟಿನ ಕೆಳಗೋ ಗೋಣಿಚೀಲ ಹೊದ್ದು ನಿಂತ ಗಾಡಿಗಳು ನಮ್ಮಲ್ಲಿ ಇನ್ನೂ ಇವೆ.

ನನ್ನ ಉತ್ತರ: ಬಿಚ್ಚಬೇಡಿ. ಮೊದಲು ಸ್ಟಾರ್ಟ್ ಮಾಡಿ. ಅದಕ್ಕೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ಬಿಚ್ಚಿ.

ಹೀಗೆ ಹೇಳಲು ಎರಡು ಕಾರಣ. ಓಡುವ ಎಂಜಿನ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಹೊಗೆಯ ಬಣ್ಣ, ಐಡಲಿಂಗ್ ಏರಿಳಿತ, ಕೆಳಗಿನಿಂದ ಬರುವ ಕಟಕಟ ಸದ್ದು, ಒಂದೊಂದಕ್ಕೂ ಅರ್ಥ ಇದೆ. ಬಿಚ್ಚಿ ಡಬ್ಬಿಗೆ ತುಂಬಿದ ಎಂಜಿನ್ ಏನನ್ನೂ ಹೇಳುವುದಿಲ್ಲ. ಎರಡನೆಯದು ಮಕ್ಕಳ ವಿಷಯ. ಬೆಳಿಗ್ಗೆ ಮಾಡಿದ ಕೆಲಸದ ಫಲ ಸಂಜೆಗೆ ಕಾಣಬೇಕು. ಮೊದಲ ಭಾನುವಾರ ಪ್ಲಗ್ಗಿನಲ್ಲಿ ಕಿಡಿ ಕಂಡ ಹುಡುಗಿ ಮುಂದಿನ ಭಾನುವಾರ ತಾನೇ ಪಾನಾ ಹುಡುಕುತ್ತಾಳೆ. ಮೊದಲ ದಿನವೇ ಗಾಡಿಯನ್ನೆಲ್ಲ ಬಿಚ್ಚಿ ಹರಡಿದರೆ, ಅದು ಮತ್ತೆ ಗಾಡಿಯಾಗಲು ಆರು ತಿಂಗಳು ಬೇಕು. ಆರು ತಿಂಗಳು ಕಾಯುವ ತಾಳ್ಮೆ ದೊಡ್ಡವರಿಗೇ ಇರುವುದಿಲ್ಲ. ಎಷ್ಟೋ ಗಾಡಿಗಳು ಗುಜರಿ ಸೇರುವುದು ಬಿಚ್ಚಿದ ಮೇಲೆಯೇ.

ಪಾನಾ ಹಿಡಿಯುವ ಮುಂಚೆ ಕಾಗದ ನೋಡಿ. ಆರ್‌ಸಿಯಲ್ಲಿರುವ ಎಂಜಿನ್ ನಂಬರು, ಚಾಸಿಸ್ ನಂಬರು ಗಾಡಿಯ ಮೇಲೆ ಕೊರೆದಿರುವುದಕ್ಕೆ ತಾಳೆಯಾಗಬೇಕು. ತುಕ್ಕು ಹಿಡಿದಿದ್ದರೆ ಡೀಸೆಲ್ ಬಟ್ಟೆಯಿಂದ ಒರೆಸಿ, ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿಸಿ. ಅಚ್ಚು ಮೂಡುತ್ತದೆ, ಹತ್ತು ವರ್ಷದ ಮಗುವೂ ಮಾಡಬಹುದು. ಗಾಡಿ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ನಮೂನೆ 31ರಲ್ಲಿ ವರ್ಗಾವಣೆ ಆಗಬೇಕು. ಹದಿನೈದು ವರ್ಷ ದಾಟಿದ್ದರೆ ನಮೂನೆ 25ರಲ್ಲಿ ನೋಂದಣಿ ನವೀಕರಣ ಆಗಬೇಕು. 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿಯೂ ಉಂಟು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ದಿನಾ ಸಂತೆಗೆ, ಗದ್ದೆಗೆ ಹೋಗಬೇಕೆನ್ನುವವರು ಅದನ್ನು ಆರಿಸಬೇಡಿ.

ಇನ್ನು ಎಂಜಿನ್. ಪ್ಲಗ್ ಬಿಚ್ಚಿ ಆ ತೂತಿನಲ್ಲಿ 10 ಮಿ.ಲೀ. ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬಿಡಿ, ಒಂದು ರಾತ್ರಿ ಬಿಡಿ. ಮರುದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದಲೇ ಹಿಂದೆ ಮುಂದೆ ಅಲ್ಲಾಡಿಸಿ. ಪಿಸ್ಟನ್ ಹಿಡಿದುಕೊಂಡಿದ್ದರೆ ಡೀಸೆಲ್ ಮತ್ತು ಆಯಿಲ್ ಸಮಪಾಲು ಬೆರೆಸಿ ಬಿಟ್ಟು ಮೂರು ನಾಲ್ಕು ದಿನ ಕಾಯಿರಿ. ಕಿಕ್ಕರ್ ಮೇಲೆ ಹಾರಿ ತುಳಿಯುವುದು ಮಾತ್ರ ಬೇಡ. ಜಾವಾದಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಬಿಗಿದ ಎಂಜಿನ್ನಿಗೆ ಬಲ ಹಾಕಿದರೆ ಒಳಗಿನ ಹಲ್ಲು ಸವೆದು ಕಿಕ್ಕರೂ ಹೋಗುತ್ತದೆ, ಗೇರೂ ಹೋಗುತ್ತದೆ.

ತಿರುಗಿತೇ? ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಕಿಕ್ ಹೊಡೆಯಿರಿ. ಬೆರಳನ್ನು ನೂಕಿ ಗಾಳಿ ಹೊರಬಂದರೆ ಸದ್ಯಕ್ಕೆ ಕಂಪ್ರೆಷನ್ ಸಾಕು.

ಆಮೇಲೆ ಕಿಡಿ. ಹಳೆಯ ಡೈನಮೋ ಗಾಡಿಗೆ 6 ವೋಲ್ಟ್ ಬ್ಯಾಟರಿ ಇಲ್ಲದೆ ಕಿಡಿ ಬರುವುದಿಲ್ಲ. ಇದನ್ನು ಮರೆತು ಕಾಯಿಲ್ ಬದಲಿಸುವವರೇ ಹೆಚ್ಚು. ಪ್ಲಗ್ಗಿಗೆ ವೈರು ಸಿಕ್ಕಿಸಿ ಹೆಡ್ಡಿನ ಮೇಲೆ ಮಲಗಿಸಿ. ತೂತಿನಿಂದ ದೂರ ಇರಲಿ, ಹತ್ತಿರ ಪೆಟ್ರೋಲ್ ಇರಬಾರದು. ಕೀ ಹಾಕಿ ಕಿಕ್ ಹೊಡೆಯಿರಿ. ‘ಚಟ್’ ಎಂದು ನೀಲಿ ಕಿಡಿ ಬಂದರೆ ಸರಿ. ಹಳದಿಯಾಗಿ ಬಂದರೆ, ಅಥವಾ ಬರದೇ ಇದ್ದರೆ, ಬಲಗಡೆ ಕವರ್ ತೆಗೆದು ಪಾಯಿಂಟ್, ಅಂದರೆ ಕಿಡಿಗಾಗಿ ಕರೆಂಟನ್ನು ಕಡಿಯುವ ಚಿಕ್ಕ ಸ್ವಿಚ್ಚು, ನೋಡಿ. ವರ್ಷಗಟ್ಟಲೆ ನಿಂತ ಗಾಡಿಯ ಪಾಯಿಂಟ್ ಮೇಲೆ ಬೂದಿಯಂಥ ಪೊರೆ ಕಟ್ಟಿರುತ್ತದೆ. ನುಣುಪು ಎಮರಿ ಕಾಗದವನ್ನು ನಡುವೆ ತೂರಿಸಿ ನಾಲ್ಕು ಸಲ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದದಿಂದ ಒರೆಸಿದರೆ ಸಾಕು. ಕೀ ಹಾಕುವ ಮುಂಚೆ ಆ ಪೆಟ್ರೋಲ್ ಪೂರ್ತಿ ಆರಲಿ. ಪಾಯಿಂಟ್ ಪೂರ್ತಿ ತೆರೆದಾಗ ಸಂದು 0.4 ಮಿ.ಮೀ., ಪ್ಲಗ್ಗಿನ ಸಂದು 0.6 ಮಿ.ಮೀ. ಸಂದು ಅಳೆಯುವ ತೆಳು ತಗಡು, ಫೀಲರ್ ಗೇಜನ್ನು ಮಗುವಿನ ಕೈಗೇ ಕೊಡಿ. ಎಳೆದಾಗ ತುಸು ಹಿಡಿದಂತೆ ಆಗಬೇಕು, ಬಿಗಿಯಲೂ ಬಾರದು, ಜಾರಲೂ ಬಾರದು. ಆ ಹಿಡಿತ ಬೆರಳಿಗೆ ಗೊತ್ತಾಗಬೇಕೇ ಹೊರತು ಮಾತಿನಲ್ಲಿ ಹೇಳಿಕೊಡಲು ಬರುವುದಿಲ್ಲ. ಸಂದು ಮೊದಲು, ಟೈಮಿಂಗ್ (ಕಿಡಿ ಹಾರುವ ಹೊತ್ತು) ಆಮೇಲೆ. ಸಂದು ಬದಲಾದರೆ ಟೈಮಿಂಗ್ ತಾನಾಗಿ ಬದಲಾಗುತ್ತದೆ. ಸ್ವಚ್ಛ ಮಾಡಿದ ಪಾಯಿಂಟ್ ಮತ್ತೆ ಮತ್ತೆ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಎಂಜಿನ್ ಓಡದೆ ಇರುವಾಗ ಕೀ ಆನ್ ಮಾಡಿ ಮರೆಯಬೇಡಿ, ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಕಾದು ಸುಟ್ಟುಹೋಗುತ್ತದೆ.

ಮೂರನೆಯದು ಪೆಟ್ರೋಲ್. ಗಾಡಿಯ ಟ್ಯಾಂಕನ್ನು ಈಗಲೇ ನಂಬಬೇಡಿ. ಒಂದು ಸಣ್ಣ ಬಾಟಲಿಗೆ ಪೈಪು ಸಿಕ್ಕಿಸಿ ಹ್ಯಾಂಡಲ್ಲಿಗೆ ತೂಗುಹಾಕಿ. 250 ಮಿ.ಲೀ. ಪೆಟ್ರೋಲಿಗೆ 10 ಮಿ.ಲೀ. ಟೂಟಿ ಆಯಿಲ್. ಮೆಡಿಕಲ್ ಶಾಪಿನಲ್ಲಿ ಸಿಗುವ ಸಿರಿಂಜ್ ಈ ಅಳತೆಗೆ ಬಹಳ ಅನುಕೂಲ. ಲೀಟರಿಗೆ 40 ಮಿ.ಲೀ. ಎಂಬುದು ಈ ಗಾಡಿಯ ಹಳೆಯ ಲೆಕ್ಕ. ಬೋರ್ ಹೊಡೆಸಿ ಹೊಸ ಪಿಸ್ಟನ್ ಹಾಕಿದ್ದರೆ ಮೊದಲ 500 ಕಿ.ಮೀ. ತನಕ 50 ಮಿ.ಲೀ. ಹಾಕಿ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿಗೂ ಪಿಸ್ಟನ್ನಿಗೂ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ, ಬೇರೆ ದಾರಿ ಇಲ್ಲ. ಮಗುವಿಗೆ ಇದೊಂದು ತಲೆಗೆ ಹೋಗಲೇಬೇಕು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಕಾರ್ಬೊರೇಟರ್ ಬಿಚ್ಚಿದಾಗ ತಳದಲ್ಲಿ ಹಸಿರು ಅಂಟು ಕಾಣುತ್ತದೆ, ಒಣಗಿದ ಪೆಟ್ರೋಲ್ ಅದು. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಹಿತ್ತಾಳೆಯದು. ಕಬ್ಬಿಣದ ತಂತಿ, ಪಿನ್ನು ತೂರಿಸಿದರೆ ತೂತು ದೊಡ್ಡದಾಗಿ ಗಾಡಿ ಜೀವಮಾನವಿಡೀ ಪೆಟ್ರೋಲ್ ಕುಡಿಯುತ್ತದೆ. ಮೀನಿನ ಗಾಳದ ನೈಲಾನ್ ದಾರ ತೂರಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗುಳುಗುಳು ಅಂದರೆ ಅದು ತೂತಾಗಿದೆ. ಹಳೆಯ ರಬ್ಬರ್ ಪೈಪು, ವಾಷರ್ ಎಲ್ಲ ಎಸೆದು ಹೊಸದು ಹಾಕಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲಿಗೆ ಹಳೆಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಅದೇ ಎಥೆನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ, ಎರಡು ಮೂರು ವಾರ ಗಾಡಿ ನಿಲ್ಲಿಸುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿ ನಿಲ್ಲಿಸಿ.

ಕಿಕ್ ಹೊಡೆಯುವ ಮುಂಚೆ ಏರ್ ಫಿಲ್ಟರ್ ಡಬ್ಬಿಯಲ್ಲೂ ಎರಡು ಸೈಲೆನ್ಸರಿನಲ್ಲೂ ಇಣುಕಿ ನೋಡಿ. ಕೊಟ್ಟಿಗೆಯಲ್ಲಿ ನಿಂತ ಗಾಡಿಯಲ್ಲಿ ಇಲಿ ಹುಲ್ಲು ತುಂಬಿರುತ್ತದೆ, ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಗೇರ್ ಬಾಕ್ಸಿನ ಹಳೇ ಎಣ್ಣೆ ಇಳಿಸಿ ಹೊಸದನ್ನು ಲೆವೆಲ್ ತನಕ ತುಂಬಿಸಿ. ಬಂದ ಎಣ್ಣೆ ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ.

ಸ್ಟಾರ್ಟ್ ಆಯಿತು ಅನ್ನಿ. ಬಾಗಿಲ ಹೊರಗೆ ನಿಲ್ಲಿಸಿ ಹತ್ತು ನಿಮಿಷ ಓಡಲಿ, ಇಬ್ಬರೂ ಕಿವಿಗೊಟ್ಟು ಕೇಳಿ. ಮೊದಲ ಹೊಗೆ ಹಳೆಯ ಎಣ್ಣೆಯದು, ಅದಕ್ಕೆ ಹೆದರಬೇಡಿ. ಹತ್ತು ನಿಮಿಷವಾದರೂ ದಟ್ಟ ಬಿಳಿ ಹೊಗೆ ನಿಲ್ಲದೆ, ಗೇರ್ ಬಾಕ್ಸಿನ ಎಣ್ಣೆಯೂ ಇಳಿಯುತ್ತಿದ್ದರೆ ಕ್ಲಚ್ ಕಡೆಯ ಆಯಿಲ್ ಸೀಲ್ ಒಡೆದಿದೆ, ಎಂಜಿನ್ ಆ ಎಣ್ಣೆಯನ್ನು ಎಳೆದು ಸುಡುತ್ತಿದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ಏರುತ್ತಿದ್ದರೆ ಡೈನಮೋ ಕಡೆಯ ಸೀಲಿನಿಂದಲೋ ಕಾರ್ಬೊರೇಟರ್ ಪ್ಯಾಕಿಂಗಿನಿಂದಲೋ ಗಾಳಿ ಒಳಗೆ ಹೋಗುತ್ತಿದೆ. ಆಗ ಕೂಡಲೇ ನಿಲ್ಲಿಸಿ. ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ, ಅಂದರೆ ಎಣ್ಣೆಯೂ ಕಮ್ಮಿ. ಪಿಸ್ಟನ್ ಹಿಡಿದುಕೊಳ್ಳುವುದು ಹೀಗೆಯೇ. ಕೆಳಗಿನಿಂದ ಕಟಕಟ ಬಂದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರುತ್ತದೆ. ಅದನ್ನು ಪ್ರೆಸ್ ಇರುವ ಲೇತ್ ಅಂಗಡಿಗೇ ಕೊಡಿ, ಮನೆಯಲ್ಲಿ ಸುತ್ತಿಗೆ ಹಿಡಿದು ಮಾಡುವ ಕೆಲಸ ಅಲ್ಲ.

ಈಗ ಬಿಚ್ಚಿ, ಹೊಗೆ ಮತ್ತು ಸದ್ದು ತೋರಿಸಿದ ಕಡೆ ಮಾತ್ರ. ಕವರಿನ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಉದ್ದನೆಯದನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಕೇಸು ಸೀಳುತ್ತದೆ. ಒಂದು ರಟ್ಟಿನ ಮೇಲೆ ಕವರಿನ ಚಿತ್ರ ಬರೆಸಿ, ತೆಗೆದ ಸ್ಕ್ರೂವನ್ನು ಅದರದರ ಜಾಗದಲ್ಲಿ ಚುಚ್ಚಿಸಿ. ಈ ರಟ್ಟಿನ ಯಜಮಾನಿಕೆ ಪೂರ್ತಿ ಮಗುವಿನದೇ ಆಗಿರಲಿ, ದೊಡ್ಡವರು ಕೇಳಿಯೇ ತೆಗೆದುಕೊಳ್ಳಲಿ.

ಸಿಲಿಂಡರ್ ಎತ್ತಿದ ಕೂಡಲೇ ಕೆಳಗಿನ ಬಾಯಿಗೆ ಒಗೆದ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಸಿಡಿದು ಒಳಕ್ಕೆ ಬಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕಾದೀತು. ರಿಂಗ್ ಹಾಕುವಾಗ ಒಂದು ವಿಷಯವನ್ನು ಬೆಳಕಿಗೆ ಹಿಡಿದು ಮಗುವಿಗೆ ತೋರಿಸಿ: ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕೊರಕಲಿನಲ್ಲಿ ಸಾಸಿವೆಗಿಂತ ಚಿಕ್ಕ ಪಿನ್ನು ಇರುತ್ತದೆ. ರಿಂಗಿನ ಎರಡು ತುದಿ ಅದರ ಅಕ್ಕಪಕ್ಕಕ್ಕೇ ಬರಬೇಕು. ತಪ್ಪಿದರೆ ತುದಿ ಸಿಲಿಂಡರ್ ಗೋಡೆಯ ಕಿಂಡಿಗೆ, ಅಂದರೆ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ, ಸಿಲಿಂಡರಿನ ಗೋಡೆಯನ್ನು ಗೀರುತ್ತದೆ. ರಿಂಗನ್ನು ಖಾಲಿ ಸಿಲಿಂಡರಿನಲ್ಲಿ ಇಟ್ಟು, ಪಿಸ್ಟನ್ ತಲೆಯಿಂದ ನೇರ ತಳ್ಳಿ, ತುದಿಗಳ ಸಂದು ಅಳೆಯಿರಿ. ಹೊಸ ರಿಂಗಿಗೆ 0.25 ಮಿ.ಮೀ. ಆಸುಪಾಸು ಇರಬೇಕು. 0.8 ದಾಟಿದರೆ ಬದಲಿಸಿ. ಪಿಸ್ಟನ್ನಿನ ಬಾಣದ ಗುರುತು ಸೈಲೆನ್ಸರ್ ಕಡೆಗೆ.

ಟ್ಯಾಂಕಿನ ತುಕ್ಕಿಗೆ ನಿಂಬೆ ಉಪ್ಪು ಒಳ್ಳೆಯ ಮದ್ದು. ಲೀಟರ್ ಬಿಸಿನೀರಿಗೆ 100 ಗ್ರಾಂ, ಒಂದು ದಿನ ಬಿಡಿ. ಚೆಲ್ಲಿದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಡಮಾಡದೆ ಬಿಸಿಲಿಗಿಟ್ಟು ಒಣಗಿಸಿ, ಟೂಟಿ ಆಯಿಲ್ ಸವರುವಂತೆ ಟ್ಯಾಂಕನ್ನು ಹೊರಳಾಡಿಸಿ. ಅರ್ಧ ಗಂಟೆ ಹಸಿ ಬಿಟ್ಟರೂ ಕೆಂಪು ತುಕ್ಕು ಹೊಸದಾಗಿ ಏಳುತ್ತದೆ. ತೂತಿದ್ದರೆ ವೆಲ್ಡಿಂಗ್ ಅಂಗಡಿಗೆ ಹಾಗೇ ಒಯ್ಯಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯ, ಸಿಡಿಯುತ್ತದೆ.

ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ, ಊದಿಸಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಎಸೆಯಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2314 ಎಂದಿದ್ದರೆ 2014ರ ಇಪ್ಪತ್ತಮೂರನೇ ವಾರದ್ದು. ಆ ನಾಲ್ಕು ಅಂಕಿಯೇ ಇಲ್ಲದ ಹಳೇ ಟೈರು ಮೇಲಿನ ಪಟ್ಟಿ ಚೆನ್ನಾಗಿ ಕಂಡರೂ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಜಾರುತ್ತದೆ. ಪೇಂಟು, ಕ್ರೋಮು ಕೊನೆಗೆ. ಆಯುಧ ಪೂಜೆಗೆ ನಿಂಬೆಹಣ್ಣಿನ ಮೇಲೆ ಹತ್ತಿಸಲೇಬೇಕು ಅಂತ ಗಡುವು ಹಾಕಿಕೊಂಡವರು ಪೇಂಟಿಗೆ ಓಡಿ ಬ್ರೇಕ್ ಬಿಟ್ಟುಬಿಡುತ್ತಾರೆ. ಬಣ್ಣವಿಲ್ಲದ ಗಾಡಿಗೂ ಪೂಜೆ ಆಗುತ್ತದೆ.

ಯಾವ ವಯಸ್ಸಿಗೆ ಯಾವ ಕೆಲಸ ಅಂತಲೂ ಕೇಳುತ್ತಾರೆ. ಎಂಟು ಹತ್ತರ ಮಕ್ಕಳಿಗೆ ರಟ್ಟು, ಅಳತೆ, ಒರೆಸುವುದು. ಹನ್ನೆರಡಕ್ಕೆ ಪ್ಲಗ್, ಪಾಯಿಂಟ್, ಕಾರ್ಬೊರೇಟರ್. ಹದಿನೈದಾದರೆ ರಿಂಗು, ಪಿಸ್ಟನ್. ಓಡಿಸುವುದು ಮಾತ್ರ ಹದಿನೆಂಟು ತುಂಬಿ ಲೈಸೆನ್ಸ್ ಬಂದ ಮೇಲೆ. ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಊರೊಳಗೆ ಒಂದು ಸುತ್ತು ಅಂತಲೂ ಕೊಡಬೇಡಿ.

ಗಾಡಿ ಸಿದ್ಧವಾದ ಮೇಲೆ ಮೈಸೂರಿನವರು ಮೊದಲು ಹೊರಡುವುದು ಚಾಮುಂಡಿ ಬೆಟ್ಟಕ್ಕೇ. ಹತ್ತುವುದಕ್ಕಿಂತ ಇಳಿಯುವಾಗ ಎಚ್ಚರ ಬೇಕು. ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲಿ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಪೆಟ್ರೋಲ್ ಹೋಗುವುದಿಲ್ಲ, ಅದರ ಜೊತೆ ಬರಬೇಕಾದ ಎಣ್ಣೆಯೂ ಹೋಗುವುದಿಲ್ಲ. ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಚೂರು ಎತ್ತಿ ಬಿಡುತ್ತಾ ಇಳಿಯಿರಿ. ಬ್ರೇಕ್ ಮೇಲೆ ನಂಬಿಕೆ ಬರುವ ತನಕ ಬೆಟ್ಟ ಬೇಡ, ರಿಂಗ್ ರೋಡಿನ ಬದಿಯ ಸಮತಟ್ಟು ರಸ್ತೆ ಸಾಕು.

ಹತ್ತು ಕಿಲೋಮೀಟರ್ ಓಡಿಸಿ ಬಂದು, ಎಂಜಿನ್ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿಯಿರಿ. ಆಮೇಲೆ ಪ್ಲಗ್ ಬಿಚ್ಚಿ ಮಗುವಿನ ಕೈಗೆ ಕೊಡಿ, ಬಣ್ಣ ಅವರೇ ಓದಲಿ. ತುದಿ ಕಾಫಿಪುಡಿಯ ಕಂದು ಬಣ್ಣ ಇದ್ದರೆ ಎಲ್ಲ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚು. ಸುಣ್ಣ ಹಚ್ಚಿದ ಹಾಗೆ ಬೆಳ್ಳಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಅದು ಸಿಗುವ ತನಕ ಮತ್ತೆ ಓಡಿಸಬೇಡಿ.