ಒಂದಕ್ಕೆ ಹೋದಾಗ ತಲೆ ನೋಯುತ್ತಾ?

18 ಜುಲೈ 2024, ಗುರುವಾರ
ಮಾಟುಂಗಾ, ಮುಂಬೈ

ಇವತ್ತು ಒಂದು ತಪ್ಪು ರಿಪೋರ್ಟ್ ನನ್ನ ಕೈಯಿಂದ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಎದೆ ಇನ್ನೂ ಹಗುರ ಆಗಿಲ್ಲ.

ಸೋಮವಾರ ನಮ್ಮ ಪೆಥಾಲಜಿ ಲ್ಯಾಬಿಗೆ ಬಂದಿದ್ದ ಮೂತ್ರಕೋಶದ ಚೂರುಗಳು. ಜೊತೆಗಿದ್ದ ಫಾರ್ಮಿನಲ್ಲಿ 'ಮೂತ್ರಕೋಶದ ಗಡ್ಡೆ, ಕ್ಯಾನ್ಸರ್?' ಅಂತಷ್ಟೇ ಬರೆದಿತ್ತು. ಸ್ಲೈಡ್ ನೋಡಿದರೆ ಸ್ನಾಯುವಿನ ಮಧ್ಯೆ ನುಗ್ಗಿದ ಕೋಶಗಳು. ಗಡ್ಡೆ ಯಾವ ಜಾತಿಯ ಕೋಶದ್ದು ಅಂತ ಬಣ್ಣದಿಂದ ಸುಳಿವು ಕೊಡುವ ಗಾಟಾ-3 ಸ್ಟೇನ್ ಹಾಕಿಸಿದೆ, ಪಾಸಿಟಿವ್, ನ್ಯೂಕ್ಲಿಯಸ್‌ಗಳೆಲ್ಲ ಕಂದು. ಮೂತ್ರಕೋಶದ ಒಳಪದರದಿಂದ ಹುಟ್ಟುವ ಮಾಮೂಲಿ ಕ್ಯಾನ್ಸರ್, ಯೂರೋಥೀಲಿಯಲ್ ಕಾರ್ಸಿನೋಮಾ, ಸ್ನಾಯುವಿಗೆ ಇಳಿದಿದೆ ಅಂದುಕೊಂಡೆ. ಹಾಗಂತ ಬರೆದರೆ ಮುಂದಿನ ಮಾತು ಸಾಮಾನ್ಯವಾಗಿ ಕೀಮೋ, ಇಡೀ ಮೂತ್ರಕೋಶ ತೆಗೆಯೋದು.

ಆದರೆ ಇವತ್ತು ಕೆರಾಟಿನ್ ಸ್ಟೇನ್ ಬಂತು, ಗಡ್ಡೆಯಲ್ಲಿ ಒಂಚೂರೂ ಬಣ್ಣ ಇಲ್ಲ. ಒಳಪದರದ ಕ್ಯಾನ್ಸರ್ ಆಗಿದ್ದರೆ ಬಣ್ಣ ಹಿಡಿಯಬೇಕಿತ್ತು. ಮತ್ತೆ ಮೊದಲ ಸ್ಲೈಡ್ ಹಿಡಿದು ಕೂತೆ. ಮೇಲಿನ ಪದರ ಪೂರ್ತಿ ಸರಿಯಾಗೇ ಇತ್ತು! ಕೆಳಗೆ ಕೋಶಗಳು ಸಣ್ಣ ಸಣ್ಣ ಗೂಡು ಕಟ್ಟಿಕೊಂಡಿದ್ದವು, ಪ್ರತಿ ಗೂಡಿನ ಸುತ್ತ ದಾರದಂಥ ರಕ್ತನಾಳ, ಒಳಗೆ ನೇರಳೆ ಛಾಯೆಯ ಪುಡಿಪುಡಿ ಸೈಟೋಪ್ಲಾಸಂ. ಸ್ಮಾಲ್ ಸೆಲ್ ಕಾರ್ಸಿನೋಮಾ ಅನ್ನೋ ಉಗ್ರ ಕ್ಯಾನ್ಸರ್ ಆಗಿದ್ದರೆ ಕೋಶಗಳು ಒಂದನ್ನೊಂದು ಒತ್ತಿಕೊಂಡು, ಸತ್ತ ಭಾಗಗಳು, ಎಲ್ಲೆಲ್ಲೂ ವಿಭಜನೆ, ಇಷ್ಟು ಶಾಂತವಾಗಿ ಇರುವುದೇ ಇಲ್ಲ. ಇದು ಪ್ಯಾರಾಗ್ಯಾಂಗ್ಲಿಯೋಮಾ ಇರಬೇಕು. ಮೂತ್ರಕೋಶದ ಗಡ್ಡೆಗಳಲ್ಲಿ ಸಾವಿರಕ್ಕೆ ಒಂದೂ ಸಿಗದ ಜಾತಿ, ಗೋಡೆಯಲ್ಲಿರುವ ನರಸಂಬಂಧಿ ಕೋಶಗಳಿಂದ ಹುಟ್ಟುವಂಥದ್ದು. ಗಾಟಾ-3 ಇದರಲ್ಲೂ ಪಾಸಿಟಿವ್ ಬರುತ್ತೆ, ಮೋಸ ಹೋಗೋದೇ ಅಲ್ಲಿ.

ಅದನ್ನು ಖಚಿತ ಮಾಡಿಕೊಳ್ಳಲು ಕ್ರೋಮೋಗ್ರಾನಿನ್, ಸಿನಾಪ್ಟೋಫೈಸಿನ್, ಎಸ್-100 ಅನ್ನೋ ಮೂರು ಸ್ಟೇನ್ ಹಾಕಲು ಹೇಳಿ ಹೊರಗೆ ಬಂದರೆ, ಕೌಂಟರಿನಲ್ಲಿ ಅದೇ ರಿಪೋರ್ಟ್ ಕೇಳುತ್ತಾ ಅಪ್ಪ ಮಗ ನಿಂತಿದ್ದರು. ತಮ್ಮತಮ್ಮಲ್ಲೇ ಕನ್ನಡ, ಉತ್ತರ ಕರ್ನಾಟಕದ ಮಾತು. ಒಳಗೆ ಕರೆದು ಕೂರಿಸಿ ಕೇಳಿದೆ, "ಒಂದಕ್ಕೆ ಹೋದಾಗ ತಲೆ ನೋಯುತ್ತಾ?"

ಅಪ್ಪ ನನ್ನನ್ನೇ ನೋಡಿದರು. "ಹೌದ್ರೀ ಮೇಡಮ್ಮಾರ, ತಲಿ ಸಿಡದಂಗ ಆಕ್ಕೈತಿ, ಎದಿ ಡವಡವ ಹೊಡಕೊಂತೈತಿ, ಮೈಯೆಲ್ಲಾ ಬೆವರು. ಎರಡು ವರ್ಷ ಆತು. ನಿಮಗ್ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ, ಅದೇ ಬೇಜಾರು. ಮೂತ್ರಕೋಶ ಹಿಂಡಿದಾಗ ಈ ಗಡ್ಡೆಯಿಂದ ಅಡ್ರಿನಲಿನ್ ಜಾತಿಯ ಹಾರ್ಮೋನು ರಕ್ತಕ್ಕೆ ಸುರಿಯುತ್ತೆ, ಬಿಪಿ ಏರುತ್ತೆ. ಸರ್ಜನ್‌ಗೆ ಫೋನ್ ಮಾಡಿದರೆ, ಗಡ್ಡೆ ಕೆತ್ತುವಾಗ ಟೇಬಲ್ ಮೇಲೇ ಬಿಪಿ 220 ದಾಟಿತ್ತು ಅಂದರು. ಇಷ್ಟು ದೊಡ್ಡ ವಿಷಯ ಫಾರ್ಮಿನಲ್ಲಿ ಒಂದು ಸಾಲು ಬರಬಾರದಿತ್ತಾ? ಜೋರಾಗೇ ಕೇಳಿದೆ. ಇನ್ನೊಂದು ಸಲ ಕತ್ತರಿ ಹಾಕುವ ಮೊದಲು ಬಿಪಿ ಹಿಡಿದಿಡುವ ಆಲ್ಫಾ ಬ್ಲಾಕರ್ ಮಾತ್ರೆ ಶುರು ಮಾಡಲೇಬೇಕು ಅಂತಲೂ ಹೇಳಿದೆ.

ಸಂಜೆ ಸ್ಟೇನ್‌ಗಳು ಬಂದವು. ಮೊದಲೆರಡೂ ಗಾಢ ಕಂದು, ಎಸ್-100 ಗೂಡುಗಳ ಅಂಚಿಗೆ ತೆಳ್ಳಗೆ ಬಳೆ ಹಾಕಿದ ಹಾಗೆ. ಪ್ಯಾರಾಗ್ಯಾಂಗ್ಲಿಯೋಮಾನೇ. ಎಸ್‌ಡಿಎಚ್‌ಬಿ ಅನ್ನೋ ಪ್ರೋಟೀನಿನ ಸ್ಟೇನ್ ನಾಳೆ. ಅದು ಗಡ್ಡೆಯಲ್ಲಿ ಕಾಣದಿದ್ದರೆ ಮನೆತನದಲ್ಲಿ ಬರುವ ದೋಷ ಇರಬಹುದು, ಮಗನನ್ನೂ ಪರೀಕ್ಷೆ ಮಾಡಬೇಕಾಗಬಹುದು.

ಮಗನ ಕೈಗೆ 24 ಗಂಟೆಯ ಮೂತ್ರ ಹಿಡಿಯುವ ಕ್ಯಾನ್ ಕೊಟ್ಟಿದ್ದೇನೆ, ಆ ಹಾರ್ಮೋನು ಒಡೆದು ಆಗುವ ಮೆಟಾನೆಫ್ರಿನ್‌ನ ಪರೀಕ್ಷೆಗೆ. ನಾಳೆ ಬೆಳಗಿನ ಮೊದಲನೇದು ಚೆಲ್ಲಿ, ಅಲ್ಲಿಂದ ನಾಡಿದ್ದು ಬೆಳಗಿನ ಮೊದಲನೇದರವರೆಗೆ ಪೂರ್ತಿ ಹಿಡೀಬೇಕು ಅಂತ ಎರಡು ಸಲ ಹೇಳಿಸಿ ಕೇಳಿಕೊಂಡೆ.